ಎಲ್ಲಾ ಫೋನಲ್ಲೇ ಸಿಗುತ್ತಲ್ಲ, ಇನ್ನು ಶಾಲೇಲಿ ಏನು ಕಲಿಸ್ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಪಾಠ ಮಾಡೋಳು ನಾನು. ಪೋಷಕರ ಸಭೇಲಿ, ಬಸ್ಸಲ್ಲಿ, ಮದುವೆ ಮನೆ ಪಂಕ್ತೀಲಿ ಕೂತಾಗ್ಲೂ ಜನ ಇದೇ ವಿಷಯ ತೆಗೀತಾರೆ. ಒಬ್ಬೊಬ್ಬರಿಗೂ ಮೊದಲಿಂದ ಹೇಳೋ ಬದಲು ಎಲ್ಲಾ ಒಂದೇ ಕಡೆ ಬರೆದಿಡ್ತಿದೀನಿ. ಕೆಲವಕ್ಕೆ ಉದ್ದ ಉತ್ತರ ಇದೆ, ಕೆಲವಕ್ಕೆ ಎರಡು ಸಾಲು ಸಾಕು.

ಪ್ರ: ಕೇಳಿದ್ದೆಲ್ಲಾ ಫೋನಲ್ಲೇ ಸಿಗುತ್ತೆ ಮೇಡಂ, ಮತ್ತೆ ಮಕ್ಕಳ ತಲೆಗೆ ಯಾಕೆ ತುಂಬ್ಬೇಕು?

ಕೇಳಿದ್ದು ಸಿಗುತ್ತೆ, ಸರಿ. ಏನು ಕೇಳ್ಬೇಕು ಅಂತ ಮಾತ್ರ ಫೋನ್ ಹೇಳಲ್ಲ. ಮನೆ ಹಿಂದೆ ಹಾಕಿರೋ ಟೊಮ್ಯಾಟೊ ಗಿಡ ಹಳದಿ ಆಗ್ತಿದೆ ಅಂತಿಟ್ಕೊಳ್ಳಿ. ಏನೂ ಗೊತ್ತಿಲ್ದಿರೋ ಹುಡುಗ "ಟೊಮ್ಯಾಟೊ ಎಲೆ ಹಳದಿ ಯಾಕೆ" ಅಂತ ಹೊಡೀತಾನೆ, ನೀರು ಜಾಸ್ತಿ, ನೀರು ಕಮ್ಮಿ, ರೋಗ, ಹುಳ, ಗೊಬ್ಬರ ಅಂತ ಹತ್ತು ಕಾರಣ ಬರುತ್ತೆ, ಮಧ್ಯೆ ಮಧ್ಯೆ ಔಷಧಿ ಮಾರೋರ ವಿಡಿಯೋ ಬೇರೆ, ಕೊನೆಗೆ ಯಾವುದು ಎಲ್ಲಕ್ಕಿಂತ ಮೇಲೆ ಬಂತೋ ಅದನ್ನೇ ಅಪ್ಪನ ಹತ್ರ ತರಿಸ್ತಾನೆ. ಸಾರಜನಕ ಕಮ್ಮಿ ಆದಾಗ ಗಿಡ ಹಳೇ ಎಲೆಯಿಂದ ಅದನ್ನ ತೆಗೆದು ಹೊಸ ಚಿಗುರಿಗೆ ಕಳಿಸುತ್ತೆ, ಹಂಗಾಗಿ ಕೆಳಗಿನ ಎಲೆ ಮೊದಲು ಹಳದಿ ಆಗುತ್ತೆ. ಕಬ್ಬಿಣ ಹಂಗೆ ಓಡಾಡಲ್ಲ, ಅದು ಕಮ್ಮಿ ಆದ್ರೆ ಮೇಲಿನ ಎಳೇ ಎಲೆಗಳೇ ಮೊದಲು ಬಿಳಿಚಿಕೊಳ್ಳುತ್ತೆ. ಇಷ್ಟು ಗೊತ್ತಿರೋ ಹುಡುಗಿ ಮೊದಲು ಗಿಡದ ಹತ್ರ ಹೋಗಿ ಬಗ್ಗಿ ನೋಡ್ತಾಳೆ, ಆಮೇಲೆ ಫೋನ್ ತೆಗೀತಾಳೆ. ಇಬ್ಬರ ಕೈಲೂ ಅದೇ ಫೋನು, ಅದೇ ಡೇಟಾ ಪ್ಯಾಕು.

ಇದಕ್ಕೆ ಹಳೇ ಪ್ರಯೋಗ ಒಂದಿದೆ. 1988ರಲ್ಲಿ ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ ಅನ್ನೋ ಇಬ್ಬರು ಸಂಶೋಧಕರು 64 ಮಕ್ಕಳಿಗೆ ಒಂದು ಬೇಸ್‌ಬಾಲ್ ಆಟದ ವಿವರಣೆ ಓದೋಕೆ ಕೊಟ್ರು. ಓದೋದ್ರಲ್ಲಿ ಹಿಂದೆ ಇದ್ರೂ ಬೇಸ್‌ಬಾಲ್ ಗೊತ್ತಿದ್ದ ಮಕ್ಕಳು, ಚೆನ್ನಾಗಿ ಓದೋ ಆದರೆ ಆಟ ಗೊತ್ತಿಲ್ಲದ ಮಕ್ಕಳಿಗಿಂತ ಜಾಸ್ತಿ ಅರ್ಥ ಮಾಡ್ಕೊಂಡಿದ್ರು. ಅಂದ್ರೆ ಸ್ಕ್ರೀನ್ ಮೇಲೆ ಬಂದ ಪುಟವನ್ನ ಓದಿ ತಿಳ್ಕೊಳೋಕೂ ಆ ವಿಷಯದಲ್ಲಿ ಸ್ವಲ್ಪ ಮೊದಲೇ ಗೊತ್ತಿರಬೇಕು. "ಬರೀ ಹುಡುಕೋದು ಕಲಿಸಿ ಸಾಕು" ಅನ್ನೋರಿಗೆ ನಾನು ಮೊದಲು ಹೇಳೋದು ಇದನ್ನೇ.

ಪ್ರ: ಹಂಗಾದ್ರೆ ಬಾಯಿಪಾಠ ಬೇಕು ಅಂತೀರಾ?

ಕೆಲವು ಬೇಕು, ಬಹಳಷ್ಟು ಬೇಡ. ನನಗೆ ಸಿಟ್ಟಿರೋದು ಉರು ಹೊಡೆಯೋದರ ಮೇಲಲ್ಲ, ಉರು ಹೊಡೆಸೋಕೆ ನಾವು ಆರಿಸ್ಕೊಂಡಿರೋ ವಿಷಯಗಳ ಮೇಲೆ. ಮಗ್ಗಿ, ಕಾಗುಣಿತ, ಹತ್ತು ಹದಿನೈದು ಪದ್ಯ, ದೇಶದ ಭೂಪಟ ತಲೇಲಿ, ಇತಿಹಾಸದ ಒಂದಷ್ಟು ಇಸವಿ, ಇವೆಲ್ಲಾ ಒಂದು ಸಲ ಕೂತ್ರೆ ಜೀವನ ಪೂರ್ತಿ ಕೆಲಸಕ್ಕೆ ಬರುತ್ತೆ. ಅದರ ಬದಲು ಮಕ್ಕಳು ಗೈಡಿನ ನಾಲ್ಕು ಅಂಕದ ಉತ್ತರವನ್ನ ಪಾಯಿಂಟ್ ಪಾಯಿಂಟಾಗಿ, ಅಲ್ಲಿರೋ ಕಾಗುಣಿತದ ತಪ್ಪಿನ ಸಮೇತ ಉರು ಹೊಡೀತಾರೆ. ಯಾವುದೋ ಒಪ್ಪಂದದ ಆರು ಷರತ್ತು ಒಪ್ಪಿಸ್ತಾರೆ, ಆ ಒಪ್ಪಂದ ಯಾರ್ಯಾರ ಮಧ್ಯೆ ಆಯ್ತು ಅಂದ್ರೆ ಪಕ್ಕದವಳ ಮುಖ ನೋಡ್ತಾರೆ. ಅದು ಪರೀಕ್ಷೆ ಮುಗಿದ ವಾರಕ್ಕೆ ಹೋಗುತ್ತೆ, ಹೋಗಲಿ ಬಿಡಿ, ಫೋನಲ್ಲಿ ಇದ್ದೇ ಇದೆ.

ಪ್ರ: ಫೋನಿಂದ ನೆನಪಿನ ಶಕ್ತಿ ಹಾಳಾಗುತ್ತೆ ಅಂತ ಸಾಬೀತಾಗಿದ್ಯಂತೆ ಹೌದಾ?

ಅಷ್ಟು ಸಲೀಸಾಗಿ ಹೇಳೋಕಾಗಲ್ಲ. 2011ರಲ್ಲಿ ಸೈನ್ಸ್ ಪತ್ರಿಕೇಲಿ ಬೆಟ್ಸಿ ಸ್ಪ್ಯಾರೋ ಮತ್ತವರ ಜೊತೆಯವರು ಒಂದು ಅಧ್ಯಯನ ಪ್ರಕಟ ಮಾಡಿದ್ರು. ಕಂಪ್ಯೂಟರಲ್ಲಿ ಸೇವ್ ಆಗಿರುತ್ತೆ ಅಂದ್ಕೊಂಡ ವಿಷಯವನ್ನ ಜನ ಅಷ್ಟಾಗಿ ನೆನಪಿಟ್ಕೊಳಲ್ಲ, ಎಲ್ಲಿ ಸೇವ್ ಆಗಿದೆ ಅನ್ನೋದನ್ನ ನೆನಪಿಟ್ಕೋತಾರೆ ಅಂತ ಅದರಲ್ಲಿತ್ತು. ಅದರೊಳಗಿನ ಒಂದು ಪ್ರಯೋಗವನ್ನ ಬೇರೆಯವರು ಮತ್ತೆ ಮಾಡಿ 2018ರಲ್ಲಿ ಪ್ರಕಟಿಸಿದಾಗ ಅದೇ ಫಲಿತಾಂಶ ಬರಲಿಲ್ಲ. ಆದ್ರೂ "ಸೈನ್ಸ್ ಹೇಳಿದೆ" ಅಂತ ಫಾರ್ವರ್ಡ್ ಇನ್ನೂ ಓಡಾಡ್ತಿದೆ.

ಪ್ರ: ಮಗ್ಗಿ ಎಷ್ಟರವರೆಗೆ ಬರಬೇಕು?

20ರವರೆಗೆ ಬಂದ್ರೆ ಸಂತೋಷ, 10ರವರೆಗೆ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಬರಬೇಕು. ಕ್ಯಾಲ್ಕುಲೇಟರ್ ಇರೋದ್ರಿಂದಲೇ ಜಾಸ್ತಿ ಬೇಕು. 480 ರೂಪಾಯಿಯ 25 ಚೀಲಕ್ಕೆ ಎಷ್ಟು ಅಂತ ಒತ್ತುವಾಗ ಒಂದು ಸೊನ್ನೆ ಬಿಟ್ಟುಹೋಗಿ 1200 ಅಂತ ಬಂತು ಅಂದ್ಕೊಳ್ಳಿ. ಮಗ್ಗಿ ಬರೋ ಮಗು "ಏ ಇದೆಲ್ಲೋ ತಪ್ಪಿದೆ, 500ರ 20 ಚೀಲಕ್ಕೇ ಹತ್ತು ಸಾವಿರ ಆಗುತ್ತಲ್ಲ" ಅಂತ ಅಲ್ಲೇ ನಿಲ್ಲುತ್ತೆ. ಬರದ ಮಗು 1200 ಕೊಟ್ಟು ಕೈ ತೊಳ್ಕೊಳುತ್ತೆ, ಅಂಗಡಿಯವನು ಸುಮ್ನಿರ್ತಾನಾ.

ಪ್ರ: ಇತಿಹಾಸದ ಇಸವಿಗಳು ಯಾಕೆ ಬೇಕು? ಅದಂತೂ ಒಂದು ಸೆಕೆಂಡಲ್ಲಿ ಸಿಗುತ್ತೆ.

ನನ್ನ ಸಬ್ಜೆಕ್ಟು ಇದು, ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ನೂರು ಇಸವಿ ಬೇಡ. ನಾನು ಎಂಟನೇ ಕ್ಲಾಸಿಗೆ ಬಂದ ತಕ್ಷಣ ಗೋಡೆ ಉದ್ದಕ್ಕೂ ಒಂದು ದಾರ ಕಟ್ಟಿಸಿ ಅದಕ್ಕೆ ಚೀಟಿ ನೇತು ಹಾಕಿಸ್ತೀನಿ. 1336 ವಿಜಯನಗರ, 1565 ತಾಳಿಕೋಟೆ, 1799 ಶ್ರೀರಂಗಪಟ್ಟಣ ಬಿದ್ದಿದ್ದು, 1824 ಕಿತ್ತೂರು, 1857, 1881ರಲ್ಲಿ ಮೈಸೂರು ಮತ್ತೆ ಒಡೆಯರ್ ಕೈಗೆ ಬಂದಿದ್ದು, 1947, 1956ರ ಏಕೀಕರಣ, 1973ರಲ್ಲಿ ಕರ್ನಾಟಕ ಅಂತ ಹೆಸರಾಗಿದ್ದು, ಹಿಂಗೆ. ಈ ಚೀಟಿಗಳನ್ನ ಬಾಯಿಪಾಠ ಮಾಡಲೇಬೇಕು, ಇದರಲ್ಲಿ ರಾಜಿ ಇಲ್ಲ. ಯಾಕಂದ್ರೆ ಮುಂದೆ ಓದೋದೆಲ್ಲಾ ಈ ಚೀಟಿಗಳ ಹಿಂದೆ ಮುಂದೆ ಕೂರಬೇಕು.

ಇದರ ಲಾಭ ಎಲ್ಲಿ ಕಾಣುತ್ತೆ ಗೊತ್ತಾ? "1857ರ ದಂಗೆಯಲ್ಲಿ ಬ್ರಿಟಿಷರ ಎದೆ ನಡುಗಿಸಿದ ಕಿತ್ತೂರು ಚೆನ್ನಮ್ಮ" ಅಂತ ಒಂದು ಪೋಸ್ಟರ್ ಬಂತು ಅಂದ್ಕೊಳ್ಳಿ. ಚೆನ್ನಮ್ಮನ ಸೈನ್ಯ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯನ್ನ ಕೊಂದಿದ್ದು 1824ರ ಅಕ್ಟೋಬರಲ್ಲಿ, ಆಕೆ ಬೈಲಹೊಂಗಲದ ಸೆರೆಯಲ್ಲಿ ತೀರ್ಕೊಂಡಿದ್ದು 1829ರಲ್ಲಿ. 1857ಕ್ಕೆ ಆಕೆ ಹೋಗಿ 28 ವರ್ಷ ಆಗಿತ್ತು. ದಾರ ತಲೇಲಿ ಇರೋ ಮಗುಗೆ ಪೋಸ್ಟರ್ ನೋಡಿದ ತಕ್ಷಣ ಇದು ತಟ್ಟುತ್ತೆ, ಆಗ ಹೋಗಿ ಹುಡುಕುತ್ತೆ. ದಾರ ಇಲ್ಲದಿರೋ ಮಗುಗೆ ಹುಡುಕಬೇಕು ಅಂತಲೇ ಅನ್ಸಲ್ಲ, ಲೈಕ್ ಒತ್ತಿ ಮುಂದಕ್ಕೆ ಹೋಗುತ್ತೆ, ಒಂದು ಸೆಕೆಂಡಲ್ಲಿ ಸಿಗೋ ಮಾಹಿತಿ ಆ ಒಂದು ಸೆಕೆಂಡೂ ಸಿಗದೆ ಹಂಗೇ ಇರುತ್ತೆ.

ಬಿಡಬೇಕಾದ್ದು ಏನು ಅಂತಾನೂ ಹೇಳಿಬಿಡ್ತೀನಿ. ಯಾವ ಗವರ್ನರ್ ಜನರಲ್ ಆದ ಮೇಲೆ ಯಾರು ಬಂದ್ರು ಅನ್ನೋ ಪಟ್ಟಿ, ದೇಶ ದೇಶದ ಕರೆನ್ಸಿ, ವಿಜ್ಞಾನಿಗಳ ಹುಟ್ಟಿದ ತಾರೀಖು. ಕ್ವಿಜ್ ಸ್ಪರ್ಧೆಗೆ ಹೋಗೋರು ಇಷ್ಟಪಟ್ಟು ಓದ್ಕೊಳ್ಳಲಿ.

ಪ್ರ: ಸುಳ್ಳು ಸುದ್ದಿ ಗುರುತಿಸೋದು ಕಲಿಸ್ಬೇಕು ಅಂತ ಎಲ್ಲರೂ ಅಂತಾರೆ. ಅದನ್ನ ಕ್ಲಾಸಲ್ಲಿ ಕಲಿಸೋಕಾಗುತ್ತಾ?

ಆಗುತ್ತೆ, ಮಾಡಲೇಬೇಕು ಕೂಡ. ನಮ್ಮ ರಾಜ್ಯದಲ್ಲೇ ಇದಕ್ಕೆ ಜೀವ ಹೋಗಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದಾರೆ ಅಂತ ವಾಟ್ಸಾಪಲ್ಲಿ ಹರಿದಾಡ್ತಲ್ಲ, ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆ ಹತ್ರ ರಾಜಸ್ಥಾನದ ಒಬ್ಬ ಯುವಕನನ್ನ ಜನ ಹೊಡೆದು ಕೊಂದ್ರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಹತ್ರ ಹೈದರಾಬಾದಿಂದ ಕಾರಲ್ಲಿ ಬಂದಿದ್ದ ಗೆಳೆಯರು ದಾರೀಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದಕ್ಕೆ ಅವರೇ ಕಳ್ಳರು ಅಂತ ಮೆಸೇಜ್ ಹೋಗಿ, ಮುಂದಿನ ಊರಲ್ಲಿ ಜನ ಕಾರು ತಡೆದು ಹೊಡೆದ್ರು, ಬಿಡಿಸೋಕೆ ಹೋದ ಪೊಲೀಸರಿಗೂ ಏಟು ಬಿತ್ತು, ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಸತ್ತೋದ. ಆ ದಿನಗಳಲ್ಲಿ ದೇಶದ ತುಂಬಾ ಓಡಾಡಿದ ಒಂದು ವಿಡಿಯೋ ಇತ್ತು, ಬೈಕಲ್ಲಿ ಬಂದೋರು ರಸ್ತೇಲಿ ಆಡ್ತಿದ್ದ ಮಗುನ ಎತ್ಕೊಂಡು ಹೋಗೋದು. ಅದು ಪಾಕಿಸ್ತಾನದ ಕರಾಚೀಲಿ ಮಕ್ಕಳ ಸುರಕ್ಷತೆ ಬಗ್ಗೆ ಜಾಗೃತಿ ಮೂಡಿಸೋಕೆ ಮಾಡಿದ ಜಾಹೀರಾತು. ಕೊನೇಲಿ ಅವರೇ ಮಗುನ ವಾಪಸ್ ತಂದು ಬಿಟ್ಟು ಒಂದು ಬೋರ್ಡು ತೋರಿಸ್ತಾರೆ, ಆ ಭಾಗವನ್ನ ಯಾರೋ ಕತ್ತರಿಸಿ ಬಿಟ್ಟಿದ್ರು.

ಕ್ಲಾಸಲ್ಲಿ ನಾನು ಈ ವಿಷಯ ಹೇಳಿ "ಹುಷಾರಾಗಿರಿ" ಅಂತ ಭಾಷಣ ಮಾಡಲ್ಲ, ಭಾಷಣದಿಂದ ಏನೂ ಆಗಲ್ಲ. ಒಂದು ಅಭ್ಯಾಸ ಹಾಕಿಸ್ತೀನಿ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಯಾಮ್ ವೈನ್‌ಬರ್ಗ್ ಅನ್ನೋ ಪ್ರೊಫೆಸರ್ ಮತ್ತು ಸಂಗಡಿಗರು 10 ಜನ ಇತಿಹಾಸದ ಪಿಎಚ್‌ಡಿಗಳು, 25 ಜನ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು, 10 ಜನ ವೃತ್ತಿಪರ ಫ್ಯಾಕ್ಟ್ ಚೆಕರ್‌ಗಳನ್ನ ಕೂರಿಸಿ ವೆಬ್‌ಸೈಟ್‌ಗಳನ್ನ ನಂಬಬಹುದಾ ಅಂತ ಕೇಳಿದ್ರು. ಓದಿಕೊಂಡಿದ್ದ ಮೇಷ್ಟ್ರುಗಳೂ ಹುಡುಗರೂ ಆ ಪುಟದಲ್ಲೇ ಕೂತು ಮೇಲಿಂದ ಕೆಳಗೆ ಓದಿದ್ರು, ಚಂದದ ಲೋಗೋ ನೋಡಿದ್ರು, ಕೆಳಗೆ ಕೊಟ್ಟಿದ್ದ ಲಿಂಕ್ ನೋಡಿದ್ರು, ಬಹಳ ಜನ ಮೋಸ ಹೋದ್ರು. ಫ್ಯಾಕ್ಟ್ ಚೆಕರ್‌ಗಳು ಆ ಪುಟ ಸರಿಯಾಗಿ ಓದೋ ಮೊದಲೇ ಪಕ್ಕದಲ್ಲಿ ಬೇರೆ ಟ್ಯಾಬ್ ತೆಗೆದು "ಇವರು ಯಾರು, ಇವರ ಬಗ್ಗೆ ಬೇರೆಯವರು ಏನಂತಾರೆ" ಅಂತ ಹುಡುಕಿದ್ರು. ಬೇಗ ಮುಗಿಸಿದ್ರು, ಸರಿಯಾಗೂ ಹೇಳಿದ್ರು.

ಯೋಚ್ನೆ ಮಾಡಿ, ನಾವು ಶಾಲೇಲಿ ಕಲಿಸೋದು ಪೂರ್ತಿ ಉಲ್ಟಾ. ಕೊಟ್ಟ ಪಾಠನ ಗಮನ ಇಟ್ಟು ಕೊನೇವರೆಗೂ ಓದು ಅಂತೀವಿ. ಪಠ್ಯಪುಸ್ತಕಕ್ಕೆ ಅದು ಸರಿ, ಇಂಟರ್ನೆಟ್ಟಲ್ಲಿ ಅದೇ ಸಿಕ್ಕಿಹಾಕ್ಕೊಳೋ ದಾರಿ. ಗೊತ್ತಿಲ್ಲದ ಪುಟಕ್ಕೆ ಬಂದ್ರೆ ಮೊದಲು ಹೊರಗೆ ಹೋಗಿ ವಿಚಾರಿಸ್ಕೊಂಡು ಬಾ ಅಂತ ಮಕ್ಕಳಿಗೆ ಹೇಳ್ಬೇಕು. ಗಂಡು ನೋಡೋಕೆ ಹೋದಾಗ ನಾವು ಮಾಡೋದೂ ಅದೇ ತಾನೇ, ಹುಡುಗನ್ನೇ ಕೂರಿಸ್ಕೊಂಡು ನೀನು ಒಳ್ಳೆಯವನಾ ಅಂತ ಕೇಳ್ತೀವಾ, ಪಕ್ಕದ ಬೀದೀಲಿ ವಿಚಾರಿಸ್ತೀವಿ.

ಕೇರಳದವರು ಇದರಲ್ಲಿ ನಮಗಿಂತ ಮುಂದಿದಾರೆ. 2018ರಲ್ಲೇ ಕಣ್ಣೂರು ಜಿಲ್ಲಾಡಳಿತ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸೋ ತರಗತಿ ಶುರು ಮಾಡಿತ್ತು, ಆಮೇಲೆ ಅಲ್ಲಿ ಶಾಲೆಯ ಐಸಿಟಿ, ಅಂದ್ರೆ ಕಂಪ್ಯೂಟರ್ ಪಾಠದ ಪಠ್ಯಪುಸ್ತಕದೊಳಗೇ ಆ ವಿಷಯ ಬಂತು. ಅಲ್ಲೂ ಸಲೀಸಾಗಿ ಆಗಿದ್ದಲ್ಲ, ಲಸಿಕೆ ಹಾಕಿಸಬೇಡಿ ಅಂತ ಹಬ್ಬಿದ ವದಂತಿಗಳನ್ನ ನೋಡಿ ಬುದ್ಧಿ ಕಲಿತಿದ್ದು.

ಪ್ರ: ಚಾಟ್‌ಜಿಪಿಟಿ ಹೋಮ್‌ವರ್ಕ್ ಮಾಡಿಕೊಡುತ್ತೆ. ಇನ್ನು ಹೋಮ್‌ವರ್ಕ್ ಕೊಟ್ಟು ಏನು ಪ್ರಯೋಜನ?

ಪ್ರಾಜೆಕ್ಟ್ ವರ್ಕ್ ಅನ್ನೋದು ಅದಕ್ಕೂ ಮುಂಚೆನೇ ಸತ್ತಿತ್ತು, ಸೈಬರ್ ಸೆಂಟರಿಗೆ ಹೋಗಿ ಪಾಠದ ಹೆಸರು ಹೇಳಿದ್ರೆ ಅವರೇ ಬಣ್ಣದ ಪ್ರಿಂಟ್ ತೆಗೆದು ಬೈಂಡ್ ಮಾಡಿ ಕೊಡ್ತಿದ್ರು. ಹಂಗಾಗಿ ಎಐ ಬಂದು ಹಾಳಾಯ್ತು ಅಂತ ನಾನು ಅಳಲ್ಲ.

ನಮ್ಮ ಶಾಲೇಲಿ ಕನ್ನಡ ಹೇಳ್ಕೊಡೋ ಮೇಷ್ಟ್ರು ಒಂದು ಒಳ್ಳೇ ಕೆಲಸ ಮಾಡಿದ್ರು. ಮಕ್ಕಳ ಎದುರಿಗೇ ಎಐಗೆ "ಮಳೆ ಬಗ್ಗೆ ಬಸವಣ್ಣನ ಒಂದು ವಚನ ಕೊಡು" ಅಂತ ಕೇಳಿದ್ರು. ತಕ್ಷಣ ಐದು ಸಾಲು ಬಂತು, ಅಂದವಾಗೇ ಇತ್ತು, ಕೊನೇಲಿ ಕೂಡಲಸಂಗಮದೇವ ಅಂತ ಅಂಕಿತ ಬೇರೆ. ಮಕ್ಕಳು ಚಪ್ಪಾಳೆ ಹೊಡೆದ್ರು. ಆಮೇಲೆ ಮೇಷ್ಟ್ರು ವಚನ ಸಂಚಯ ಜಾಲತಾಣ ತೆಗೆದು, ಅದರಲ್ಲಿ 20 ಸಾವಿರಕ್ಕೂ ಹೆಚ್ಚು ವಚನ ಇದೆ, ಪದ ಹಾಕಿ ಹುಡುಕಬಹುದು, ಆ ಸಾಲುಗಳ ಒಂದೊಂದು ಪದ ಹಾಕ್ತಾ ಹೋದ್ರು. ಅಂಥ ವಚನವೇ ಇಲ್ಲ. ಕ್ಲಾಸ್ ಗಪ್‌ಚಿಪ್. ಮತ್ತೆ ಕೇಳಿದ್ದಕ್ಕೆ ಎಐ ಕ್ಷಮೆ ಕೇಳಿ ಇನ್ನೊಂದು ವಚನ ಕಟ್ಟಿಕೊಡ್ತು, ಅದೂ ಇಲ್ಲ!

ಆದ್ರೆ ಗಮನಿಸಿ, ಅವತ್ತು ಹಿಂದಿನ ಬೆಂಚಿನ ಹುಡುಗಿ ಒಬ್ಬಳು ಹುಡುಕೋಕೆ ಮುಂಚೆನೇ "ಸಾರ್, ಇದು ವಾಟ್ಸಾಪ್ ಗುಡ್ ಮಾರ್ನಿಂಗ್ ಮೆಸೇಜ್ ಥರ ಇದೆ" ಅಂದಿದ್ಲು. ಅವಳಿಗೆ ಹಂಗನ್ಸಿದ್ದು ಒಂದಷ್ಟು ನಿಜವಾದ ವಚನಗಳು ಬಾಯಿಗೆ ಬರ್ತಿದ್ದಕ್ಕೆ. ಗುಹೇಶ್ವರ ಅಂದ್ರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಅಂದ್ರೆ ಅಕ್ಕ, ರಾಮನಾಥ ಅಂದ್ರೆ ದಾಸಿಮಯ್ಯ ಅಂತ ಪಟ್ಟಿ ಹೇಳೋರು ಕ್ಲಾಸಲ್ಲಿ ಇಪ್ಪತ್ತು ಜನ ಇದ್ರು, ಆ ಪಟ್ಟಿ ಅವತ್ತು ಉಪಯೋಗಕ್ಕೆ ಬರಲಿಲ್ಲ, ಅಂಕಿತ ಹಾಕೋದು ಮೆಷಿನ್ನಿಗೂ ಗೊತ್ತು.

ಹೋಮ್‌ವರ್ಕ್ ವಿಷಯಕ್ಕೆ ಬಂದ್ರೆ, ನಾನು ಈಗ ಬರ್ಕೊಂಡು ಬಾ ಅನ್ನೋದನ್ನ ಕಮ್ಮಿ ಮಾಡಿ ಕೇಳ್ಕೊಂಡು ಬಾ ಅಂತೀನಿ. ನಿಮ್ಮ ಊರಿನ ಕೆರೆ ಕೊನೇ ಸಲ ಯಾವಾಗ ಕೋಡಿ ಬಿದ್ದಿತ್ತು, ಮೂರು ಜನ ಹಿರಿಯರನ್ನ ಕೇಳು, ಮೂವರೂ ಬೇರೆ ಬೇರೆ ವರ್ಷ ಹೇಳಿದ್ರೆ ಯಾರ ಮಾತು ನಂಬ್ತೀಯ, ಯಾಕೆ. ಇದು ಯಾವ ಸರ್ವರಲ್ಲೂ ಇಲ್ಲ. ಬರೆಯೋ ಕೆಲಸ ಏನಿದ್ರೂ ಕ್ಲಾಸಲ್ಲೇ, ನನ್ನ ಕಣ್ಣೆದುರಿಗೆ.

ಪ್ರ: ಕನ್ನಡ ಮೀಡಿಯಂ ಮಕ್ಕಳಿಗೂ ಎಲ್ಲಾ ಮಾಹಿತಿ ಸಿಗುತ್ತಾ?

ಇಲ್ಲ. ಇದನ್ನ ಬೆಂಗಳೂರಲ್ಲಿ ಕೂತು ಭಾಷಣ ಮಾಡೋರು ಮರೀತಾರೆ. ಇಂಗ್ಲಿಷ್ ವಿಕಿಪೀಡಿಯಾದಲ್ಲಿ 70 ಲಕ್ಷಕ್ಕೂ ಜಾಸ್ತಿ ಲೇಖನ ಇದೆ, ಕನ್ನಡದಲ್ಲಿ 30 ಸಾವಿರ ಚಿಲ್ಲರೆ. ಅಂದ್ರೆ ಇಂಗ್ಲಿಷಲ್ಲಿ 200 ಇದ್ರೆ ನಮ್ಮಲ್ಲಿ ಒಂದು. ಇರೋದ್ರಲ್ಲೂ ಎಷ್ಟೋ ಎರಡು ಪ್ಯಾರಾಕ್ಕೆ ನಿಂತಿದೆ. ಮಿಷಿನ್ ಅನುವಾದ ಬಂದಿದೆ, ಮೊದಲಿಗಿಂತ ಎಷ್ಟೋ ಪರವಾಗಿಲ್ಲ, ಆದ್ರೂ ವಿಜ್ಞಾನದ ಪುಟ ತಿರುಗಿಸಿದ್ರೆ ಪಠ್ಯಪುಸ್ತಕದ ಪದ ಒಂದು, ಅಲ್ಲಿ ಬರೋ ಪದ ಇನ್ನೊಂದು. ಹಂಗಾಗಿ ನನ್ನ ಪ್ರಕಾರ ನಮ್ಮ ಮಕ್ಕಳಿಗೆ ಇಂಗ್ಲಿಷ್ ಕಲಿಸೋ ಮೊದಲ ಗುರಿ ಮಾತಾಡಿ ಇಂಟರ್‌ವ್ಯೂ ಪಾಸ್ ಮಾಡೋದಲ್ಲ, ಒಂದು ಪುಟ ಓದಿ ಇದರಲ್ಲಿ ನನಗೆ ಬೇಕಾದ್ದು ಇದ್ಯಾ ಅಂತ ತಿಳ್ಕೊಳ್ಳೋದು. ಜೊತೆಗೆ ಮಕ್ಕಳು ಕನ್ನಡ ವಿಕಿಪೀಡಿಯಾಕ್ಕೆ ತಮ್ಮ ಊರಿನ ಬಗ್ಗೆ ಆಧಾರ ಕೊಟ್ಟು ನಾಲ್ಕು ಪ್ಯಾರಾ ಬರೆದ್ರೆ ಅದಕ್ಕಿಂತ ಒಳ್ಳೇ ಪ್ರಾಜೆಕ್ಟ್ ಇಲ್ಲ. ಆಧಾರ ಇಲ್ಲದೆ ಬರೆದಿದ್ದನ್ನ ಅಲ್ಲಿ ಯಾರಾದ್ರೂ ಬಂದು ಪ್ರಶ್ನೆ ಮಾಡ್ತಾರೆ, ಆಗ ಆಧಾರ ಅಂದ್ರೇನು ಅಂತ ನಾನು ಹೇಳ್ಕೊಡೋದೇ ಬೇಡ.

ಪ್ರ: ಇದೆಲ್ಲಾ ಕೇಳೋಕೆ ಚೆನ್ನಾಗಿದೆ. ಎಸ್ಸೆಸ್ಸೆಲ್ಸೀಲಿ ಮಾರ್ಕ್ಸ್ ಬರಬೇಕಲ್ಲ?

ಬರಬೇಕು. 625ಕ್ಕೆ ಎಷ್ಟು ಅಂತಲೇ ನೆಂಟರು ಕೇಳೋದು, ನನ್ನ ಮನೇಲೂ ಕೇಳಿದ್ರು.

ಇಲ್ಲಿ ಒಂದು ನೋಡಿ. 2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ 83.89 ಪರ್ಸೆಂಟ್ ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ್ರು, ಗ್ರೇಸ್ ಮಾರ್ಕ್ಸ್ ಜಾಸ್ತಿ ಕೊಟ್ರೂ 73.40ಕ್ಕೆ ಬಂತು. 2025ರ ಮೊದಲ ಪರೀಕ್ಷೇಲಿ 62.34. ಮಕ್ಕಳು ಎರಡು ವರ್ಷದಲ್ಲಿ ದಡ್ಡರಾಗಿಬಿಟ್ರಾ? ಇಲ್ಲ ಸ್ವಾಮಿ. ಕಾಪಿ ಹೊಡೆದ್ರೆ ಪಾಸಾಗೋ ಥರದ ಪ್ರಶ್ನೆ ಕೇಳ್ತಿದೀವಿ ಅಂತ ಅರ್ಥ. ಚೀಟೀಲಿ ಬರೆದು ತಂದು ಇಳಿಸಬಹುದಾದ ಉತ್ತರಕ್ಕೆ ಮಾರ್ಕ್ಸ್ ಕೊಡೋ ಪರೀಕ್ಷೆ, ಫೋನಲ್ಲಿ ಸಿಗೋ ಉತ್ತರಕ್ಕೂ ಮಾರ್ಕ್ಸ್ ಕೊಡುತ್ತೆ. ಕ್ಯಾಮೆರಾ ಹಾಕಿದ್ದು ಸರಿ, ಪ್ರಶ್ನೆ ಬದಲಾಯಿಸೋದು ಇನ್ನೂ ಬಾಕಿ ಇದೆ.

ಪುಸ್ತಕ ತೆರೆದಿಟ್ಟು ಬರೆಯೋ ಪರೀಕ್ಷೆ ಹೊಸದೇನಲ್ಲ. ಸಿಬಿಎಸ್‌ಇ 2014ರ ಸುಮಾರಿಗೆ 9 ಮತ್ತು 11ನೇ ಕ್ಲಾಸಿಗೆ ಒಂದು ಬಗೆಯಲ್ಲಿ ತಂದು, ಕೆಲವು ವರ್ಷಕ್ಕೆ ಕೈಬಿಡ್ತು, ಈಗ 2026-27ರಿಂದ 9ನೇ ಕ್ಲಾಸಿಗೆ ಮತ್ತೆ ತರೋ ತೀರ್ಮಾನ ಮಾಡಿದೆ. ನಾನು ಘಟಕ ಪರೀಕ್ಷೇಲಿ ಅವಾಗವಾಗ ಮಾಡ್ತೀನಿ. ಮೊದಲ ಸಲ ಪುಸ್ತಕ ತೆಗೆದಿಟ್ಕೊಳ್ಳಿ ಅಂದಾಗ ಮಕ್ಕಳಿಗೆ ಹಬ್ಬ, ಹತ್ತು ನಿಮಿಷಕ್ಕೆ ಹಬ್ಬ ಮುಗೀತು, "ಮೇಡಂ ಉತ್ತರ ಯಾವ ಪೇಜಲ್ಲಿದೆ" ಅಂತ ಶುರು. ಪ್ರಶ್ನೆ ಏನಿತ್ತು ಅಂದ್ರೆ, 1881ರ ನಂತರ ಮೈಸೂರಲ್ಲಿ ಆದ ಕೆಲಸಗಳಲ್ಲಿ ನಿಮ್ಮ ತಾಲ್ಲೂಕಿಗೆ ಹೆಚ್ಚು ಪ್ರಯೋಜನ ಆಗಿದ್ದು ಯಾವುದು, ಕಾರಣ ಕೊಡಿ. ಪೇಜಲ್ಲಿ ಇರಲಿಲ್ಲ.

ಆದ್ರೂ ಫೆಬ್ರವರಿ ಬಂತು ಅಂದ್ರೆ ನಾನೂ ಪಾಸಾಗೋಕೆ ಬೇಕಾದಷ್ಟೇ ಪ್ರಶ್ನೋತ್ತರ ಇರೋ ಪಾಸಿಂಗ್ ಪ್ಯಾಕೇಜ್ ಹಿಡ್ಕೊಂಡು ಸಂಜೆ ಕ್ಲಾಸ್ ತಗೊಳ್ತೀನಿ. ಹಿಂದುಳಿದ ಮಗು ಹತ್ತನೇ ಕ್ಲಾಸ್ ದಾಟಬೇಕಲ್ಲ, ನನ್ನ ಸಿದ್ಧಾಂತಕ್ಕೆ ಅದನ್ನ ಫೇಲ್ ಮಾಡ್ಸೋಕಾಗಲ್ಲ.

ಪ್ರ: ಕೋಡಿಂಗ್ ಕಲಿಸ್ಬೇಕಾ? ಎಐ ಕೋರ್ಸ್ ಸೇರಿಸ್ಬೇಕಾ?

ಲ್ಯಾಬಲ್ಲಿ ಕಂಪ್ಯೂಟರ್ ಆನ್ ಆಗೋ ಶಾಲೆ ಆದ್ರೆ ಕಲಿಸಿ, ಬೇಡ ಅನ್ನಲ್ಲ. ಐದನೇ ಕ್ಲಾಸಿನ ಮಗು ಎರಡನೇ ಕ್ಲಾಸಿನ ಪಾಠ ಓದೋಕೆ ತಡವರಿಸೋ ಕಡೆ ಮೊದಲು ಓದೋದು ಕಲಿಸಿ. ದುಡ್ಡು ಕೊಟ್ಟು ಆನ್‌ಲೈನ್ ಕೋರ್ಸ್ ಸೇರಿಸೋ ಮುಂಚೆ ಆ ದುಡ್ಡಲ್ಲಿ ಎಷ್ಟು ಕಥೆ ಪುಸ್ತಕ ಬರುತ್ತೆ ಲೆಕ್ಕ ಹಾಕಿ.

ಪ್ರ: ಮಾಹಿತಿ ಬಿಟ್ಟು ಹೊಸದಾಗಿ ಕಲಿಸ್ಬೇಕಾದ್ದು ಒಂದೇ ಒಂದು ಹೇಳಿ ಅಂದ್ರೆ ಏನು ಹೇಳ್ತೀರಾ?

ಕಾಗದ ಓದೋದು. ಸರ್ಕಾರದ ಕಾಗದ, ಬ್ಯಾಂಕಿನ ಕಾಗದ, ಔಷಧಿ ಡಬ್ಬದ ಮೇಲಿನ ಕಾಗದ.

ಪಹಣಿನೇ ತಗೊಳ್ಳಿ. ಭೂಮಿ ಯೋಜನೆ ಬಂದ ಮೇಲೆ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಆಯ್ತು, ಈಗ ಯಾರ ಜಮೀನಿಂದಾದ್ರೂ ಸರ್ವೆ ನಂಬರ್ ಹಾಕಿದ್ರೆ ಫೋನಲ್ಲಿ ಕಾಣುತ್ತೆ. ಮಾಹಿತಿ ತಕ್ಷಣ ಸಿಗೋದು ಅಂದ್ರೆ ಇದಕ್ಕಿಂತ ಬೇಕಾ? ಆದ್ರೂ ಊರಲ್ಲಿ ಅದನ್ನ ಓದಿ ಹೇಳೋಕೆ ಒಬ್ಬ ಮಧ್ಯವರ್ತಿ ಬೇಕು, ಅವನಿಗೆ ಕಾಸು ಕೊಡಬೇಕು. ನಾನು ಮತ್ತೆ ಗಣಿತದ ಮೇಷ್ಟ್ರು ಸೇರಿ ಒಂಬತ್ತನೇ ಕ್ಲಾಸಿಗೆ ಪಹಣಿ ಪಾಠ ಮಾಡಿದ್ವಿ. ವಿಸ್ತೀರ್ಣದ ಕಾಲಂನಲ್ಲಿ 2.15 ಅಂತ ಇರುತ್ತೆ, ಇನ್ನೊಂದು ಹಿಸ್ಸಾದಲ್ಲಿ, ಅಂದ್ರೆ ಜಮೀನಿನ ಇನ್ನೊಂದು ಪಾಲಲ್ಲಿ, 1.30. ಎರಡೂ ಕೂಡಿಸಿ ಅಂದ್ವಿ. ಕ್ಲಾಸಿಗೆ ಕ್ಲಾಸೇ 3.45 ಅಂತು, ಕ್ಯಾಲ್ಕುಲೇಟರೂ ಹಂಗೇ ಹೇಳುತ್ತೆ. ಒಬ್ಬ ಹುಡುಗ ಮಾತ್ರ, ಪರೀಕ್ಷೇಲಿ ಯಾವತ್ತೂ ಮೇಲಕ್ಕೆ ಬಂದೋನಲ್ಲ, "ನಾಲ್ಕು ಎಕರೆ ಐದು ಗುಂಟೆ ಮೇಡಂ" ಅಂದ. ಯಾಕಂದ್ರೆ ಅಲ್ಲಿರೋದು ದಶಮಾಂಶದ ಚುಕ್ಕಿ ಅಲ್ಲ, ಎಕರೆಗೂ ಗುಂಟೆಗೂ ನಡುವಿನ ಚುಕ್ಕಿ, 40 ಗುಂಟೆಗೆ ಒಂದು ಎಕರೆ, 15 ಮತ್ತು 30 ಸೇರಿ 45, ಅದರಲ್ಲಿ ಒಂದು ಎಕರೆ ಮೇಲಕ್ಕೆ ಹೋಯ್ತು. ಅವನು ಅಪ್ಪನ ಜೊತೆ ನಾಡಕಚೇರಿಗೆ ಅಲೆದಿದ್ದ.

ಆಮೇಲೆ ಖರಾಬು. ಎ ಖರಾಬು ಅಂದ್ರೆ ಸಾಗುವಳಿಗೆ ಬರದ ಜಾಗ, ಬಿ ಖರಾಬು ಅಂದ್ರೆ ದಾರಿ, ಹಳ್ಳ ಥರ ಸಾರ್ವಜನಿಕರಿಗೆ ಬಿಟ್ಟಿರೋದು. "ಹಂಗಾದ್ರೆ ನಮ್ಮ ಪಕ್ಕದವರು ಬೇಲಿ ಹಾಕಿರೋ ದಾರಿ ಅವರದ್ದಲ್ವಾ" ಅಂತ ಒಬ್ಬಳು ಕೇಳಿದ್ಲು, ಆ ಪ್ರಶ್ನೆಗೆ ಕ್ಲಾಸಲ್ಲಿ ಉತ್ತರ ಕೊಡೋದು ಕಷ್ಟ, ನಾಳೆ ಅವರಪ್ಪ ಬಂದು ನಿಲ್ತಾರೆ! ಒಂಬತ್ತನೇ ಕಾಲಂ ಮಾಲೀಕರ ಹೆಸರು, ಹನ್ನೊಂದರಲ್ಲಿ ಹಕ್ಕು ಮತ್ತು ಋಣ, ಬ್ಯಾಂಕ್ ಸಾಲ ಇದ್ರೆ ಅಲ್ಲಿ ಬರುತ್ತೆ. ಒಂಬತ್ತನೇ ಕಾಲಂನಲ್ಲಿ ನಿಮ್ಮ ಮನೆ ಹೆಂಗಸರ ಹೆಸರು ಇದ್ಯಾ ನೋಡ್ಕೊಂಡು ಬನ್ನಿ ಅಂದಿದ್ದೆ, ಬಹಳ ಮಕ್ಕಳು ಇಲ್ಲ ಅಂತ ಬಂದ್ರು, ಅವತ್ತಿನ ಪೌರನೀತಿ ಪಾಠ ಪುಸ್ತಕ ತೆಗೀದೇ ಆಗೋಯ್ತು.

ಕರೆಂಟ್ ಬಿಲ್ಲೂ ಹಂಗೇ. ಗೃಹಜ್ಯೋತೀಲಿ ಮೊದಲು 2022-23ರ ಸರಾಸರಿ ಬಳಕೆಗೆ 10 ಪರ್ಸೆಂಟ್ ಸೇರಿಸಿ, 200 ಯೂನಿಟ್ ಮೀರದ ಹಾಗೆ ಫ್ರೀ ಅಂದ್ರು. 40 ಯೂನಿಟ್ ಉರಿಸೋ ಮನೆಗೆ ಆ 10 ಪರ್ಸೆಂಟ್ ಅಂದ್ರೆ ಬರೀ 4 ಯೂನಿಟ್, 150 ಉರಿಸೋರಿಗೆ 15. ಇದು ಸರಿಯಾ ಅಂತ ಮಕ್ಕಳನ್ನ ಕೇಳಿ, ಶೇಕಡಾವಾರು ಪಾಠದಲ್ಲಿ ಅಷ್ಟು ಜಗಳ ನೀವು ನೋಡಿರಲ್ಲ. 2024ರಲ್ಲಿ ಸರ್ಕಾರವೇ 48 ಯೂನಿಟ್‌ಗಿಂತ ಕಮ್ಮಿ ಸರಾಸರಿ ಇರೋರಿಗೆ ಪರ್ಸೆಂಟ್ ಬದಲು 10 ಯೂನಿಟ್ ಅಂತ ಬದಲಾಯಿಸ್ತು.

ಪ್ರ: ಶಾಲೆಗೆ ಫೋನ್ ತರೋಕೆ ಬಿಡಬೇಕಾ?

ಬೇಡ. ಅದನ್ನ ಉಪಯೋಗಿಸೋದು ಕಲಿಸೋ ಅಗತ್ಯನೇ ಇಲ್ಲ, ಹಳ್ಳಿ ಮಕ್ಕಳ ಕಲಿಕೆ ಅಳೆಯೋ ಅಸರ್ 2024ರ ಸಮೀಕ್ಷೆ ಪ್ರಕಾರ ಹಳ್ಳಿಗಳಲ್ಲೇ 14ರಿಂದ 16 ವರ್ಷದ ಮಕ್ಕಳಲ್ಲಿ 82 ಪರ್ಸೆಂಟ್‌ಗೆ ಸ್ಮಾರ್ಟ್‌ಫೋನ್ ಬಳಸೋಕೆ ಬರುತ್ತೆ. ಅವರಲ್ಲಿ ಹಿಂದಿನ ವಾರ ಓದಿಗೆ ಸಂಬಂಧಿಸಿ ಬಳಸಿದ್ದು 57 ಪರ್ಸೆಂಟ್, ಸೋಷಿಯಲ್ ಮೀಡಿಯಾಗೆ 76. ನನ್ನ ಕ್ಲಾಸಿಗೆ ನನ್ನ ಒಂದು ಫೋನು, ಸ್ಟಾಫ್ ರೂಮಿನ ಒಂದು ಪ್ರೊಜೆಕ್ಟರ್ ಸಾಕಾಗುತ್ತೆ. ಎಲ್ಲರೂ ಒಂದೇ ಸ್ಕ್ರೀನ್ ನೋಡ್ತಾ ವಾದ ಮಾಡಿದ್ರೇನೇ ಒಳ್ಳೇದು, ಒಬ್ಬೊಬ್ಬರ ಕೈಗೆ ಕೊಟ್ರೆ ವಾದ ನಿಲ್ಲುತ್ತೆ, ರೀಲ್ಸ್ ಶುರುವಾಗುತ್ತೆ.

ಪ್ರ: ಟೀಚರ್‌ಗಿಂತ ಗೂಗಲ್‌ಗೆ ಜಾಸ್ತಿ ಗೊತ್ತಲ್ವಾ?

ಜಾಸ್ತಿನೇ ಗೊತ್ತು, ಅದರಲ್ಲಿ ನಾಚಿಕೆ ಏನಿದೆ. ಮಗು ಕೇಳಿದ್ದು ಗೊತ್ತಿಲ್ಲದಿದ್ರೆ "ಗೊತ್ತಿಲ್ಲ, ಬಾ ನೋಡೋಣ" ಅಂತ ಅದರ ಎದುರಿಗೇ ಹುಡುಕಬೇಕು, ಯಾವ ಪುಟ ಬಿಟ್ಟೆ, ಯಾಕೆ ಬಿಟ್ಟೆ ಅಂತ ಬಾಯಿಬಿಟ್ಟು ಹೇಳ್ತಾ. ಮಗು ಕಲಿಯೋದು ಆ ಬಿಡೋದನ್ನ ನೋಡಿ. ಆದ್ರೆ ಯಾವ ಮಗು ಇವತ್ತು ಬೆಳಿಗ್ಗೆ ತಿಂಡಿ ತಿಂದು ಬಂದಿಲ್ಲ ಅಂತ ನನಗೆ ಗೊತ್ತು, ಅದು ಗೂಗಲ್‌ಗೆ ಗೊತ್ತಿಲ್ಲ.

ಪ್ರ: ನಾವು ಅಷ್ಟು ಓದಿಲ್ಲ ಮೇಡಂ, ಮನೇಲಿ ನಾವೇನು ಮಾಡೋಕಾಗುತ್ತೆ?

ಬಹಳ ಆಗುತ್ತೆ. ಒಂದು, ಮಗು ಓದಿ ಆದ ಮೇಲೆ ಪುಸ್ತಕ ಮುಚ್ಚಿಸಿ "ಏನಿತ್ತು ಹೇಳು" ಅನ್ನಿ. ನಿಮಗೆ ಪಾಠ ಗೊತ್ತಿರಬೇಕಾಗಿಲ್ಲ, ಕೇಳಿಸ್ಕೊಂಡ್ರೆ ಸಾಕು. ಮತ್ತೆ ಮತ್ತೆ ಓದೋದಕ್ಕಿಂತ ಹಿಂಗೆ ನೆನಪಿಂದ ಹೇಳಿದ್ದು ವಾರ ಕಳೆದ್ರೂ ಉಳಿಯುತ್ತೆ ಅಂತ 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಮಾಡಿದ ಪ್ರಯೋಗದಲ್ಲಿ ಚೆನ್ನಾಗಿ ಕಂಡಿದೆ. ಗೊತ್ತಿದ್ದವರು ಕೇಳಿದ್ರೆ ಮಗು ಅರ್ಧಂಬರ್ಧ ಹೇಳಿ ಮುಗಿಸುತ್ತೆ, ಗೊತ್ತಿಲ್ಲದ ಅಮ್ಮನಿಗೆ ಪೂರ್ತಿ ಬಿಡಿಸಿ ಹೇಳಲೇಬೇಕು, ಅದಕ್ಕೆ ಕಮ್ಮಿ ಓದಿದ ಅಮ್ಮಂದಿರೇ ಇದಕ್ಕೆ ವಾಸಿ ಅಂತ ನನಗನ್ಸುತ್ತೆ.

ಎರಡನೇದು, ಫ್ಯಾಮಿಲಿ ಗ್ರೂಪಿಗೆ ಬಂದ ಫಾರ್ವರ್ಡನ್ನ ಕಳ್ಸೋಕೆ ಮುಂಚೆ ಮಗುಗೆ ತೋರ್ಸಿ, "ಇದು ನಿಜನಾ ನೋಡೋ" ಅನ್ನಿ. ಸುಳ್ಳು ಅಂತ ಅದು ತೋರಿಸಿದ್ರೆ ಕಳ್ಸಬೇಡಿ ಅಷ್ಟೆ, ದೊಡ್ಡಪ್ಪ ಕಳ್ಸಿದ್ದು ಅಂತ ಮಗುನ ಗದರಬೇಡಿ. ಹೊಲಕ್ಕೆ ಔಷಧಿ ತಂದಾಗ ಡಬ್ಬದ ಮೇಲಿನ ಬಣ್ಣದ ಗುರುತು ಓದೋಕೆ ಹೇಳಿ, ಕೆಂಪು ಇದ್ರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು ಅಂತ ಕಮ್ಮಿ ಆಗ್ತಾ ಹೋಗುತ್ತೆ.

ಇನ್ನೊಂದು ಸಣ್ಣ ಸಹಾಯ. ನಿಮ್ಮನೇಲಿ ಕಂಪ್ಯೂಟರ್ ಬರೋಕೆ ಮುಂಚಿನ ಕೈಬರಹದ ಪಹಣಿ, ಹಳೇ ಕಂದಾಯದ ರಸೀದಿ, ತಾತನ ಕಾಲದ ಕ್ರಯಪತ್ರ ಏನಾದ್ರೂ ಟ್ರಂಕಲ್ಲಿದ್ರೆ ಹೆಸರು ಮತ್ತು ಸರ್ವೆ ನಂಬರ್ ಮೇಲೆ ಚೀಟಿ ಅಂಟಿಸಿ ಝೆರಾಕ್ಸ್ ಮಾಡಿ ಮಗು ಕೈಲಿ ಕಳ್ಸಿ. ಒರಿಜಿನಲ್ ಕಳ್ಸಬೇಡಿ. ಹಳೇ ಕೈಬರಹ ಓದೋ ಪಾಠ ಅಂತ ಒಂದು ಮಾಡ್ಬೇಕು ಅಂತಿದೀನಿ, ಅದು ಇನ್ನೂ ಯಾವ ಆ್ಯಪಿಗೂ ಸರಿಯಾಗಿ ಓದೋಕೆ ಬರ್ತಿಲ್ಲ, ಊರಲ್ಲಿ ನಿವೃತ್ತ ಶಾನುಭೋಗರು ಯಾರಾದ್ರೂ ಇದ್ರೆ ಅವರನ್ನೂ ಒಂದು ಶನಿವಾರ ಶಾಲೆಗೆ ಕರ್ಕೊಂಡು ಬನ್ನಿ.